ನಾಲ್ಕು ಕಿಲೋ ಎಂಟುನೂರರ ಕೂಸು, ನಾದಿನಿಯ ಸಹಿ

ಮೊನ್ನೆ ಯಾರೋ ತಮ್ಮ ಐದು ಕಿಲೋ ಕೂಸಿನ ಫೋಟೋ ಹಾಕಿದ್ದರು. ಕೆಳಗೆ ಸಾಲುಸಾಲು ಚಪ್ಪಾಳೆ. "ಪೈಲ್ವಾನ ಬಂದಾನ", "ನಾಳೀನೇ ಸಾಲಿಗೆ ಕಳಿಸ್ರಿ", "ತಾಯಿಗೆ ಏನ್ ತಿನ್ನಿಸೀರಿ?" ಎಲ್ಲ ಓದಿದೆ. ತಾಯಿಗೆ ಕೂರಲು ಬರುತ್ತಿದೆಯೇ ಎಂದು ಒಬ್ಬರೂ ಕೇಳಿರಲಿಲ್ಲ. ನಾನು ಕೇಳಿದೆ. ಆಕೆ ನನಗೊಬ್ಬಳಿಗೇ ಬೇರೆಯಾಗಿ ಉತ್ತರ ಬರೆದಳು. ಅದನ್ನು ಇಲ್ಲಿ ಹಾಕಲು ಬರುವುದಿಲ್ಲ. ನನ್ನದನ್ನು ಹಾಕಲು ಮಾತ್ರ ಯಾರ ಅಪ್ಪಣೆಯೂ ಬೇಡ. ಹದಿಮೂರು ವರ್ಷ ಆಯಿತು, ಸಿಟ್ಟು ಇನ್ನೂ ಆರಿಲ್ಲ.

ನನ್ನ ತವರು ಅಕ್ಕಲಕೋಟ. ಕೊಟ್ಟದ್ದು ಸೋಲಾಪುರದ ಪೇಠದೊಳಗಿನ ವ್ಯಾಪಾರಸ್ಥರ ಮನೆಗೆ. ಕೆಳಗೆ ಶೇಂಗಾ-ಬೇಳೆಯ ಅಂಗಡಿ, ಮೇಲೆ ಮನೆ. ನನ್ನ ಮದುವೆಗೆ ಮುಂಚೆಯೇ ಅತ್ತೆ ತೀರಿಕೊಂಡಿದ್ದರು. ಆ ಜಾಗದಲ್ಲಿ ಗಂಡನ ಅಕ್ಕ, ಅಂದರೆ ನನ್ನ ನಾದಿನಿ, ಕೂತಿದ್ದಳು. ಅವಳ ಸ್ವಂತ ಮನೆ ನಾಲ್ಕು ಓಣಿ ಆಚೆ. ಆದರೆ ಬೆಳಗಿನ ಚಹಾ ಒಂದು ಬಿಟ್ಟರೆ ಉಳಿದ ದಿನವೆಲ್ಲ ನಮ್ಮಲ್ಲೇ. ಯಾರ ಮದುವೆಗೆ ಯಾರು ಹೋಗಬೇಕು, ಸಾರಿಗೆ ಹುಣಸೆ ಎಷ್ಟು, ಎಲ್ಲಕ್ಕೂ ಅವಳದೇ ಕೊನೆಯ ಮಾತು. ತಮ್ಮಂದಿರಿಬ್ಬರೂ ಅವಳನ್ನು ಕೇಳದೆ ಅಂಗಿ ಕೂಡ ಕೊಳ್ಳುತ್ತಿರಲಿಲ್ಲ. ನಾನು ಅವಳನ್ನು "ಅಕ್ಕಾರ" ಎನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಕರೆಯುವುದರಲ್ಲಿ ನಾನು ಯಾವತ್ತೂ ಮರ್ಯಾದೆ ಕಡಿಮೆ ಮಾಡಿದವಳಲ್ಲ.

ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು ತವರಿಗೆ ಹೋದೆ. ಅಲ್ಲಿಯ ಡಾಕ್ಟರಬಾಯಿ ರಕ್ತ ಪರೀಕ್ಷೆ ನೋಡಿ ಸಕ್ಕರೆ ಹೆಚ್ಚಾಗಿದೆ ಎಂದರು. ಒಂಬತ್ತನೇ ತಿಂಗಳಲ್ಲಿ ಹೊಟ್ಟೆಯ ಮೇಲೆ ಟೇಪು ಹಿಡಿದು ನೋಡಿ, ಕೂಸು ದೊಡ್ಡದಿದೆ, ಇಲ್ಲಿ ಬೇಡ, ಸೋಲಾಪುರಕ್ಕೇ ಹೋಗಿ ಎಂದು ಚೀಟಿ ಬರೆದರು.

"ದೊಡ್ಡದಂದ್ರ ಎಷ್ಟ್ ದೊಡ್ಡದ್ರಿ ಬಾಯಿ?" ಎಂದಳು ನನ್ನ ಅವ್ವ.

"ಕೂಸಿನ ತಲಿಗೆ ಜೋಡಿ ಕುಂಚಿಗಿ ಹೊಲಿಸಿದ್ರ ಎರಡೂ ಬಿಚ್ಚಿ ಒಂದು ಮಾಡಿಸ್ರಿ."

ನಾವಿಬ್ಬರೂ ನಕ್ಕೆವು. ಆ ಬಸಿರಿನಲ್ಲಿ ನಾನು ನಕ್ಕದ್ದು ಅದೇ ಕೊನೆ.

ನೋವು ಶುರುವಾದದ್ದು ಒಂದು ಗುರುವಾರ ಬೆಳಿಗ್ಗೆ. ಗುರುವಾರ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟದಲ್ಲಿ ಊರಿನವರಿಗಿಂತ ಹೊರಗಿನವರೇ ಹೆಚ್ಚು. ಎದುರಿಂದ ಬರುತ್ತಿದ್ದ ಯಾತ್ರಿಕರ ಗಾಡಿಗಳ ನಡುವೆ ದಾರಿ ಮಾಡಿಕೊಂಡು ನಮ್ಮ ಜೀಪು ಸೋಲಾಪುರ ಮುಟ್ಟುವ ಹೊತ್ತಿಗೆ ನಾನು ಅವ್ವನ ಮುಂಗೈಯನ್ನು ಹಲ್ಲಿನಲ್ಲಿ ಹಿಡಿದಿದ್ದೆ.

ಮಧ್ಯಾಹ್ನ ಹನ್ನೆರಡಕ್ಕೆ ದವಾಖಾನೆಯ ಡಾಕ್ಟರು ನೋಡಿದರು. ಸಿಜರಿನ್ ಮಾಡೋಣ, ಕಾಯುವುದು ಒಳ್ಳೆಯದಲ್ಲ ಎಂದು ಅಲ್ಲಿಗೆ ಬಂದಿದ್ದ ನನ್ನ ಗಂಡನ ಕೈಗೆ ಕಾಗದ ಕೊಟ್ಟರು. ನಮ್ಮವರು ಕಾಗದ ಓದಲಿಲ್ಲ, ಅಕ್ಕನಿಗೆ ಫೋನು ಮಾಡಿದರು. ಹತ್ತು ನಿಮಿಷದಲ್ಲಿ ಅಕ್ಕ ಹಾಜರು. ಬಾಗಿಲು ಅರ್ಧ ತೆರೆದಿತ್ತು. ಮಲಗಿದ್ದಲ್ಲಿಗೇ ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು.

"ನಮ್ಮ ಮನ್ಯಾಗ ಇಲ್ಲೀತನಕ ಯಾರ ಹೊಟ್ಟಿಗೂ ಬ್ಲೇಡ್ ಹಚ್ಚಿಲ್ಲ ತಮ್ಮಾ. ನಂದು ಮೂರೂ ನಾರ್ಮಲ್ ಆಗ್ಯಾವ. ಈಕಿಗೇನ್ ಆಗ್ಯದ? ಎಮ್ಮಿಹಂಗ ಗಟ್ಟಿ ಅದಾಳ."

"ಕೂಸು ದೊಡ್ಡದದ ಅಂತಾರ ಅಕ್ಕಾ."

"ದೊಡ್ಡದಿದ್ರ ಛಲೋ ಆತಲ್ಲ! ಸಣ್ಣದಿದ್ರ ಅಳಬೇಕು. ಬ್ಯಾಡ ಅಂತ ಬರದ್ ಕೊಡು."

"ಒಂದ್ಸಲ ಅಕೀನ್ನ ಕೇಳ್ರಿ," ಎಂದಳು ನನ್ನ ಅವ್ವ.

"ನೋವಿನ್ಯಾಗ ಇದ್ದಾಕೀನ್ನ ಏನ್ ಕೇಳೂದ್ರಿ ಬೀಗತಿ? ಅಕಿ ಕೊಯ್ರಿ ಅಂತಾಳ."

ನಿಜ. ನಾನು ಅದನ್ನೇ ಅನ್ನುತ್ತಿದ್ದೆ, ಕೊಯ್ಯಿರಿ ಎಂದು. ಅದಕ್ಕೇ ಕೇಳಲಿಲ್ಲ.

ಐದು ತಾಸಿನ ಮೇಲೆ ತಲೆ ಬಂತು. ಭುಜ ಬರಲಿಲ್ಲ. ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಇಬ್ಬರು ಸಿಸ್ಟರು ನನ್ನ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದರು. ಇನ್ನೊಬ್ಬಳು ಸ್ಟೂಲು ಹತ್ತಿ, ಕಿಬ್ಬೊಟ್ಟೆಯ ಮೇಲೆ ಅಂಗೈ ಊರಿ, "ತಾಈ, ಜೋರ್ ಲಾವಾ, ಜೋರ್ ಲಾವಾ" ಎಂದು ಮರಾಠಿಯಲ್ಲಿ ನನಗೆ ಮುಕ್ಕಲು ಕೂಗಿ ಹೇಳುತ್ತ ನೂಕಿದಳು. ಡಾಕ್ಟರರ ಹಣೆಯ ಬೆವರು ನನ್ನ ತೊಡೆಯ ಮೇಲೆ ಬಿತ್ತು. ಆಮೇಲೆ ಕಟಕ್ ಎಂದು ಸದ್ದಾಯಿತು, ಒಣ ಶೇಂಗಾ ಒಡೆದ ಹಾಗೆ. ನನ್ನದೇ ಏನೋ ಮುರಿಯಿತು ಎಂದುಕೊಂಡೆ. ಮುರಿದದ್ದು ಕೂಸಿನ ಭುಜದ ಹತ್ತಿರದ ಕೊರಳೆಲುಬು. ಕೂಸು ನೀಲಿಯಾಗಿತ್ತು, ಅಳಲಿಲ್ಲ. ಅದು ಅಳುವವರೆಗೆ ಎಷ್ಟು ಹೊತ್ತಾಯಿತು ಎಂದು ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ದೇವರನ್ನು ನೆನೆಯಲಿಲ್ಲ. ನಾದಿನಿಯನ್ನು ನೆನೆದೆ.

"ಎಷ್ಟ್ ಹೊಲಿಗಿ ಹಾಕೀರಿ?" ಎಂದು ಕೇಳಿದ್ದಕ್ಕೆ ಡಾಕ್ಟರು, "ಎಣಿಸಬ್ಯಾಡವಾ" ಎಂದರು. ನಾಲ್ಕು ತಿಂಗಳು ನಾನು ಕೆಮ್ಮಿಗೂ ಸೀನಿಗೂ ಹೆದರಿದೆ. ಪಾಯಖಾನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದೆ, ಅವ್ವ ಬಾಗಿಲ ಹೊರಗೆ ನೀರು ಹಿಡಿದು ನಿಂತಿರುತ್ತಿದ್ದಳು. ಫೋಟೋ ಕೆಳಗೆ ಚಪ್ಪಾಳೆ ತಟ್ಟುವವರು ಇದನ್ನೂ ಓದಲಿ.

ಕೂಸಿನ ತೂಕ ನಾಲ್ಕು ಕಿಲೋ ಎಂಟುನೂರು ಗ್ರಾಂ ಎಂದು ದವಾಖಾನೆಯ ಚೀಟಿಯಲ್ಲೇ ಇತ್ತು. ನಾದಿನಿಗೆ ಚೀಟಿ ಸಾಲಲಿಲ್ಲ, ಮಂದಿ ಕಣ್ಣಾರೆ ನೋಡಬೇಕಿತ್ತು. ಬಿಡುಗಡೆಯಾದ ದಿನ ನಮ್ಮ ರಿಕ್ಷಾವನ್ನು ಅಂಗಡಿಯ ಮುಂದೆ ನಿಲ್ಲಿಸಿದಳು. ಮುರಿದ ಕಡೆಯ ಕೈ ಅಲುಗಬಾರದೆಂದು ಕೂಸಿನ ತೋಳನ್ನು ಅಂಗಿಗೆ ಪಿನ್ನು ಹಾಕಿ ಕಳಿಸಿದ್ದರು. ಆ ಕೂಸನ್ನು ಎತ್ತಿಕೊಂಡು ಹೋಗಿ, ಚಾದರ ಹಾಸಿ, ಶೇಂಗಾ ತೂಗುವ ಕಾಟಾದ ಮೇಲೆ ಮಲಗಿಸಿದಳು. ಕೂಸು ಕಿರುಚಿತು.

"ನೋಡ್ರಿ, ನಾಲ್ಕು ಎಂಟುನೂರು! ನಾರ್ಮಲ್ ಆಗ್ಯದ ಮತ್ತ. ನಮ್ಮ ಮನಿ ರಕ್ತ ಅದು!"

"ಅಕ್ಕಾರ, ಹ್ಯಾಂಗ್ ಕಿಲೋ ಹಚ್ಚೀರಿ?" ಎಂದ ಒಬ್ಬ ಗಿರಾಕಿ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ನಾನು ರಿಕ್ಷಾದಲ್ಲಿ ಒಂದೇ ಪಕ್ಕೆಯ ಮೇಲೆ ಕೂತಿದ್ದೆ. ಕೆಳಗೆ ಇಳಿಯುವ ಶಕ್ತಿ ಇದ್ದಿದ್ದರೆ ಆ ಕಾಟಾವನ್ನೇ ಎತ್ತಿ ಅವಳ ಮೇಲೆ ಹಾಕುತ್ತಿದ್ದೆ.

ಅಂಗಡಿಯಲ್ಲಿ ಕೂಸು ಅವರ ಮನೆಯ ರಕ್ತ. ಮೇಲೆ ಮನೆಯೊಳಗೆ, ಮುರಿದ ಎಲುಬು ಮಾತ್ರ ನನ್ನದು. "ತಿಂದು ತಿಂದು ಕೂಸಿನ್ನ ಉಬ್ಬಿಸಿದ್ಲು. ಹೆರೂ ಹೊತ್ತಿಗೆ ಅಂಜಿ ಕಾಲು ಬಿಗಿ ಹಿಡದ್ಲು. ಅದಕ್ಕ ಎಲುಬು ಮುರೀತು," ಎಂದು ಬಂದವರಿಗೆಲ್ಲ ಹೇಳಿದಳು. ಆ ಕೋಣೆಯೊಳಗೆ ಅವಳು ಇರಲೂ ಇಲ್ಲ. ಎಲುಬು ತಿಂಗಳೊಳಗೆ ಕೂಡಿತು. ಈ ಕಥೆ ಮಾತ್ರ ಬೆಳೆಯುತ್ತಲೇ ಹೋಯಿತು. ಅವಳ ಮೊದಲ ಕೂಸು ಎರಡೇ ಕಿಲೋ ಇತ್ತಂತೆ, ಅವಳ ಅತ್ತೆ ಅದನ್ನು ಇಲಿ ಎಂದು ಕರೆಯುತ್ತಿದ್ದರಂತೆ. ಅವಳೇ ಒಮ್ಮೆ ಹೇಳಿದ್ದಳು. ಇರಬಹುದು. ಅದನ್ನು ಅವಳು ತನ್ನ ಅತ್ತೆಯ ಜೊತೆ ಬಗೆಹರಿಸಿಕೊಳ್ಳಬೇಕಿತ್ತು.

ಇಷ್ಟಾದರೂ ನಾನು ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಮಗ ಒಂಬತ್ತು ವರ್ಷದವನಿದ್ದಾಗ ಸೈಕಲ್ ಮೇಲಿಂದ ಬಿದ್ದ. ಭುಜಕ್ಕೆ ಮುಲಾಮು ಹಚ್ಚುತ್ತಿದ್ದೆ.

"ಆಯಿ, ನಾ ಹುಟ್ಟುವಾಗ ನೀ ನನ್ನ ಎಲುಬು ಮುರದಿದ್ದೇನ?"

"ಯಾರ ಅಂದ್ರೋ?"

"ಅತ್ತಿ. ಆ ಭುಜಾ ಮೊದಲಿಂದ ನಾಜೂಕ ಅದ, ನಿಮ್ಮವ್ವ ಮುರದಾಳ ಅಂದ್ಲು."

"ಸುಳ್ಳದು."

"ಹೂಂ" ಎಂದ. ಆದರೆ ಭುಜವನ್ನು ನನ್ನ ಕೈಯಿಂದ ಮೆಲ್ಲಗೆ ತಪ್ಪಿಸಿಕೊಂಡು, ಉಳಿದ ಮುಲಾಮು ತಾನೇ ಹಚ್ಚಿಕೊಂಡ.

ಆವತ್ತೇ ನಿರ್ಧಾರ ಮಾಡಿದೆ. ಹೇಳಿದ ಬಾಯಿಂದಲೇ ಅದನ್ನು ವಾಪಸು ತೆಗೆಸಬೇಕು, ಅದೂ ಮಂದಿಯ ಎದುರಿಗೆ, ಮಗನ ಕಿವಿಗೆ ಬೀಳುವಂತೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಕಳೆದ ವರ್ಷ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಸುರಾದಳು. ಅವಳಿಗೂ ಸಕ್ಕರೆ, ಅವಳದೂ ದೊಡ್ಡ ಕೂಸು. ನನಗೆ ಏನೇನಾಗಿತ್ತೆಂದು ತೋರಿಸೋಣವೆಂದು ಟ್ರಂಕಿನಿಂದ ನನ್ನ ಹಳೆಯ ಫೈಲು ತೆಗೆದೆ. ಎಲುಬಿನ ಡಾಕ್ಟರು ಕೇಳಿದರೆಂದು ಆಗ ದವಾಖಾನೆಯ ಎಲ್ಲ ಕಾಗದವನ್ನೂ ಝೆರಾಕ್ಸ್ ಮಾಡಿಸಿದ್ದರು. ಅದರಲ್ಲಿ ನಾನು ಯಾವತ್ತೂ ನೋಡಿರದ ಒಂದು ಹಾಳೆ ಇತ್ತು. ಕೂಸು ದೊಡ್ಡದಿದೆ ಎಂದು ಡಾಕ್ಟರು ಆಪರೇಷನ್ ಹೇಳಿದ್ದಾರೆ, ನಮಗೆ ಬೇಡ, ತಾಯಿಗೆ ಅಥವಾ ಕೂಸಿಗೆ ಏನಾದರೂ ಆದರೆ ಜವಾಬ್ದಾರಿ ನಮ್ಮದು ಎಂದು ಮರಾಠಿಯಲ್ಲಿ ಬರೆದಿತ್ತು. ಕೆಳಗೆ ನಮ್ಮವರ ಸಹಿ. ಅದರ ಕೆಳಗೆ, ಸಾಕ್ಷಿದಾರ ಎಂಬಲ್ಲಿ, ನಾದಿನಿಯ ಸಹಿ. ರೋಗಿಯ ಸಹಿ ಎಂಬ ಗೆರೆ ಖಾಲಿ. ನನ್ನ ಸಹಿಗೂ ಅಲ್ಲಿ ಜಾಗ ಇತ್ತು ಎಂದು ನನಗೆ ಹನ್ನೆರಡು ವರ್ಷದ ಮೇಲೆ ಗೊತ್ತಾಯಿತು. ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.

ನೆಗೆಣ್ಣಿಗೆ ನೋವು ಶುರುವಾದ ದಿನ ದವಾಖಾನೆಯಲ್ಲಿ ಮತ್ತೆ ಅದೇ ಆಟ. ಮೈದುನ ಕಾಗದ ಹಿಡಿದು ಅಕ್ಕನ ಮುಖ ನೋಡಿದ. ಅಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂತು, "ನಮ್ಮ ಮನ್ಯಾಗ ಇಲ್ಲೀತನಕ..." ಎಂದು ಬಾಯಿ ತೆಗೆದಳು. ನಾನು ಮೈದುನನ ಕೈಯಿಂದ ಕಾಗದ ಕಿತ್ತುಕೊಂಡೆ.

"ವೈನಿ, ಎಲ್ಲಿಗ್ ಒಯ್ತೀರಿ ಅದನ್ನ?"

"ಹೊಟ್ಟಿ ಯಾರದದ ಅಲ್ಲಿಗೆ."

ಒಳಗೆ ನೆಗೆಣ್ಣಿ ಕಬ್ಬಿಣದ ಮಂಚದ ಸರಳು ಹಿಡಿದು ಮಲಗಿದ್ದಳು. "ಅಕ್ಕಾ, ಹೊರಗ ಏನಂತಾರ?"

"ಅವರದು ಬಿಡು. ಡಾಕ್ಟರ್ ಹೇಳಿದ್ದು ತಿಳೀತಿಲ್ಲೋ? ನಿನಗ ಹ್ಯಾಂಗ ಬೇಕು?"

"ನನಗ ಭಾಳ ಅಂಜಿಕಿ ಬಂದದ. ಕೊಯ್ರಿ ಅಂತ ಹೇಳ್ರಿ ಅವರಿಗೆ."

"ನಾ ಹೇಳೂದಿಲ್ಲ. ಪೆನ್ ಹಿಡಿ."

ಸಿಸ್ಟರಿನ ಟ್ರೇ ಮೇಲೆ ಕಾಗದ ಇಟ್ಟು ಸಹಿ ಮಾಡಿದಳು. ಅರ್ಧ ಹೆಸರು ಗೆರೆಯ ಆಚೆ ಹೋಯಿತು. ಸಂಬಂಧಿಕರದೂ ಒಂದು ಸಹಿ ಬೇಕೆಂದರು. ನಾನು ಮಾಡಿದೆ. ನಾತೆ, ಅಂದರೆ ಸಂಬಂಧ, ಏನು ಎಂಬಲ್ಲಿ "ಜಾಊ" ಎಂದು ಬರೆದೆ, ಮರಾಠಿಯಲ್ಲಿ ನೆಗೆಣ್ಣಿಗೆ ಹಾಗೇ ಅನ್ನುತ್ತಾರೆ.

"ನೀ ಯಾರ ಸಹಿ ಮಾಡಾಕಿ?" ಎಂದು ನಾದಿನಿ ಬಾಗಿಲಿಗೆ ಬಂದು ನಿಂತಳು.

"ನಿಮ್ಮದು ಒಂದ್ಸಲ ಆಗ್ಯದಲ್ರಿ ಅಕ್ಕಾರ. ಈ ಸಲ ನಂದಿರಲಿ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ತಿರುಗಿ ಹೋಗಿ ಕೂತಳು. ಮಾಡಲು ಅವಳಿಗೆ ಅಲ್ಲಿ ಏನೂ ಇರಲಿಲ್ಲ. ಸುಮ್ಮನೆ ಕೂತ ಅವಳನ್ನು ನಾನು ಕಣ್ಣು ತುಂಬ ನೋಡಿದೆ. ಮುಕ್ಕಾಲು ತಾಸಿನಲ್ಲಿ ಕೂಸಿನ ಅಳು ಹೊರಗೆ ಕೇಳಿಸಿತು. ಹೆಣ್ಣು, ನಾಲ್ಕೂವರೆ ಕಿಲೋ, ಎಲ್ಲ ಎಲುಬೂ ನೆಟ್ಟಗೆ.

ನೆಗೆಣ್ಣಿಯ ಹೊಲಿಗೆ ಇನ್ನೂ ಹಸಿ ಇತ್ತು, ಅವಳ ತವರು ಮಂಗಳವೇಢೆಯವರೆಗೆ ಪ್ರಯಾಣ ಬೇಡವೆಂದು ತೊಟ್ಟಿಲ ಕಾರ್ಯ ನಮ್ಮಲ್ಲೇ ಇಟ್ಟರು. ಕೋಣೆ ತುಂಬ ಹೆಂಗಸರು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದಿದವರದು ತಪ್ಪಲ್ಲ, ಗುದ್ದಿಸಿಕೊಂಡವಳು ಸಿಟ್ಟಾಗುವಂತಿಲ್ಲ. ಈ ಪದ್ಧತಿ ಹುಟ್ಟಿಸಿದ ಹೆಂಗಸಿಗೆ ನನ್ನ ನಾದಿನಿಯಂಥವಳೇ ಒಬ್ಬ ನಾದಿನಿ ಇದ್ದಿರಬೇಕು.

ಬಗ್ಗುವ ಮುಂಚೆ ನಾದಿನಿ ಸುಮ್ಮನಿರಲಿಲ್ಲ. "ಇದು ಕೊಯ್ದು ತಗದ ಕೂಸು. ನಮ್ಮ ದೊಡ್ಡ ತಮ್ಮನ ಮಗ ನೋಡ್ರಿ, ಇದಕಿಂತ ದೊಡ್ಡವ. ಅವರವ್ವ ಎಲುಬು ಮುರದ್ಲು, ಆದರೂ ನಾರ್ಮಲ್," ಎಂದಳು. ನನ್ನ ಮಗ ಅಲ್ಲೇ ಗುಗ್ಗರಿಯ ಪರಾತ ಹಿಡಿದು ನಿಂತಿದ್ದ.

ಅವಳು ಬಗ್ಗಿದಳು. ಉಳಿದವರು ತಟ್ಟಿದರು, ನಾನು ಗುದ್ದಿದೆ. ಒಂದೇ. ಮುಷ್ಟಿ ಬಿಗಿದು.

"ಅಯ್ಯಯ್ಯೋ! ಎಲುಬು ಮುರೀತಿ ಏನ್ ನೀ?"

"ನಾ ಎಲುಬು ಮುರಿಯಾಕಿ ಅಲ್ರಿ ಅಕ್ಕಾರ. ಮುರಿಸಿದವರ ಸಹಿ ನನ್ನ ಕಡೆ ಅದ."

ನಗು ನಿಂತಿತು. ಪರ್ಸಿನಿಂದ ಹಾಳೆ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡೂ ಹೆಸರು ಓದಿದೆ. ಖಾಲಿ ಗೆರೆಯನ್ನೂ ತೋರಿಸಿದೆ.

"ಆಗ ನನಗೇನ್ ಗೊತ್ತಿತ್ತು? ಛಲೋದಕ್ಕ ಹೇಳಿದ್ನಿ," ಎಂದಳು.

"ಹಂಗಾರ ಎಲುಬು ಯಾರ ಮುರದ್ರು? ಹದಿಮೂರು ವರ್ಷ ಹೇಳೀರಿ. ಈಗೊಮ್ಮಿ ಹೇಳ್ರಿ."

"ಸಾಕ್ ಬಿಡವಾ, ಕೂಸಿನ ಕಾರ್ಯ ಅದ," ಎಂದಳು ಎದುರು ಮನೆಯ ಅಜ್ಜಿ.

"ಅಕ್ಕಾರ ಹೇಳ್ಲಿ, ಬಿಡ್ತೀನಿ ಅಜ್ಜೀ."

ನಾದಿನಿ ಸೆರಗು ಸರಿ ಮಾಡಿಕೊಂಡಳು. "ಅಕಿ ಮುರದಿಲ್ಲ" ಎಂದಳು, ತೊಟ್ಟಿಲಿಗೆ ಹೇಳಿದ ಹಾಗೆ.

"ಕೇಳಸಲಿಲ್ರಿ."

"ಅಕಿ ಮುರದಿಲ್ಲ ಅಂದ್ನಿ!"

ಊಟ ಮಾಡದೆ ಇಳಿದು ಹೋದಳು. ನಾನು ತಡೆಯಲಿಲ್ಲ. ಡಬ್ಬಿಯನ್ನೂ ಕಳಿಸಲಿಲ್ಲ. ಮನಸ್ಸು ದೊಡ್ಡದು ಮಾಡಬೇಕಿತ್ತು ಎಂದು ಆಮೇಲೆ ಸುಮಾರು ಮಂದಿ ಹೇಳಿದರು. ನಾನು ಒಮ್ಮೆ ದೊಡ್ಡದು ಹೆತ್ತಿದ್ದೇನೆ, ಅಷ್ಟು ಸಾಕು.

ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಗ ಬಂದು ಹಾಳೆ ಕೇಳಿದ. ಅವನು ಮರಾಠಿ ಶಾಲೆಯವನು, ಸರಸರ ಓದಿದ. ಮತ್ತೊಮ್ಮೆ ಓದಿದ.

"ಆಯಿ, ಇದರಾಗ ಅಪ್ಪನ ಸಹಿನೂ ಅದಲ್ಲ. ಅದು ಮ್ಯಾಲ ಅದ."

"ಅದ."

"ಮತ್ತ ಅತ್ತಿಗಷ್ಟ ಯಾಕ?"

"ನಿಮ್ಮಪ್ಪಂದೂ ಪಾಳಿ ಬರ್ತದ ತಡಿ."

ಹೊರಗಿನ ಕೋಣೆಯಲ್ಲಿ ನಮ್ಮವರು ನೋಡುತ್ತಿದ್ದ ಟೀವಿಯ ಸದ್ದು ಸಣ್ಣದಾಯಿತು.