ಮಳೆ ಬರೆಯುವ ಕಾಸಿಂಸಾಬ

ಬೆಳಗಿನ ಆರು ಗಂಟೆ. ದೇವರ ಹಿಪ್ಪರಗಿಯ ಹಳೆಯ ಪ್ರವಾಸಿ ಬಂಗಲೆಯ ಹಿಂದೆ, ಮುಳ್ಳುತಂತಿಯ ಬೇಲಿಯೊಳಗೆ, ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆಯ ಮೇಲೆ ಕಾಸಿಂಸಾಬ ಬಗ್ಗಿದ್ದಾರೆ. ಅದರ ದುಂಡು ಬಾಯಿಯಿಂದ ಒಂದು ಬೇವಿನೆಲೆ, ಎರಡು ಸತ್ತ ಇರುವೆ ತೆಗೆದು ಬಟ್ಟೆಯಿಂದ ಅಂಚು ಒರೆಸುತ್ತಾರೆ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇಲ್ಲ.

“ಮಳಿ ಹೇಳಿ ಬರೂದಿಲ್ರಿ. ಬಂದಾಗ ಬಾಯಿ ಸ್ವಚ್ಛ ಇರಬೇಕು,” ಎನ್ನುತ್ತಾರೆ.

ಈ ಪೆಟ್ಟಿಗೆಯಲ್ಲಿ ಮಳೆ ತನ್ನ ಲೆಕ್ಕವನ್ನು ತಾನೇ ಬರೆಯುತ್ತದೆ. ಒಳಗೆ ಬಿದ್ದ ನೀರು ಏರಿದಂತೆ ಒಂದು ಲೇಖನಿಯೂ ಏರುತ್ತದೆ. ಗಡಿಯಾರ ತಿರುಗಿಸುವ ಉರುಳೆಯ ಮೇಲಿನ ಕಾಗದದಲ್ಲಿ ಗೆರೆ ಮೂಡುತ್ತದೆ. ಎಪ್ಪತ್ತೆರಡರ ಬರದ ಮರುವರ್ಷ ಪರದೇಶವೊಂದರ ನೆರವಾಗಿ ಇದು ಹಡಗಿನಲ್ಲಿ ಮುಂಬಯಿಗೆ, ರೈಲಿನಲ್ಲಿ ವಿಜಾಪುರಕ್ಕೆ, ಲಾರಿಯಲ್ಲಿ ಇಲ್ಲಿಗೆ ಬಂತು. ಉಪಗ್ರಹ ಮೇಲಿನಿಂದ ಮೋಡದ ಚಿತ್ರ ತೆಗೆಯುತ್ತದೆ. ಆ ಮೋಡ ಕೆಳಗೆ ಎಷ್ಟು ಸುರಿಯಿತು ಎಂಬುದನ್ನು ನೆಲದ ಮೇಲಿರುವವರೇ ಹೇಳಬೇಕು. ಕೊಡುಗೆಯ ಉದ್ದೇಶ ಅಷ್ಟೇ.

ಯಂತ್ರ ಬಂತು, ರಿಪೇರಿಯವನು ಬರಲಿಲ್ಲ. ಮೂರನೆಯ ತಿಂಗಳಿಗೆ ಗಡಿಯಾರ ನಿಂತಿತು. ಬಸ್‌ಸ್ಟ್ಯಾಂಡಿನ ಪಕ್ಕ ಕಪಾಟಿನಷ್ಟಗಲದ ಅಂಗಡಿಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಕಾಸಿಂಸಾಬರನ್ನು ಕರೆಸಿದರು. “ಒಳಗ ಬರೇ ಮಣ್ಣ ಇತ್ರಿ. ನಮ್ಮ ಎರಿ ಮಣ್ಣು ಪರದೇಶದ ಗಡಿಯಾರ ಅಂತ ಮುಲಾಜು ನೋಡ್ತೈತೇನು?” ಅಂದಿನಿಂದ ಯಂತ್ರ ಅವರ ಸುಪರ್ದಿಗೆ ಬಿತ್ತು.

ದಿನಾ ಬೆಳಿಗ್ಗೆ ಎಂಟೂವರೆಗೆ ಚಾವಿ ಕೊಟ್ಟು, ಕಾಗದ ಬದಲಿಸಿ, ಅಂಚೆ ಕಚೇರಿಗೆ ನಡೆದು ಮಳೆ ಎಷ್ಟೆಂದು ತಂತಿ ಕಳಿಸಬೇಕು, ಹಳೆಯ ಕಾಗದ ಅಂಚೆಗೆ ಹಾಕಬೇಕು. ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಕಾಗದ ಬದಲಾಗಿವೆ. ಪರದೇಶದ ಕಾಗದ ಮುಗಿದಾಗ ಸ್ಕೇಲು ಹಿಡಿದು ತಾವೇ ಗೆರೆ ಹಾಕಿದರು. ಬಿಸಿಲಿಗೆ ಶಾಯಿ ಒಣಗಿದಾಗ ಗ್ಲಿಸರಿನ್ ಬೆರೆಸಿದರು. “ಮುಂಜಾನಿ ಎದ್ದು ನನ್ನ ಮಾರಿ ನೋಡೂಕಿಂತ ಮದ್ಲ ಆ ಡಬ್ಬಿ ಮಾರಿ ನೋಡ್ತಾರ,” ಎಂದು ಹೆಂಡತಿ ಸಾಬೀರಾ ನಗುತ್ತಾರೆ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಅವರು ಬೇಲಿಯೊಳಗೆ ಕಾಲಿಟ್ಟಾಗ ಪೆಟ್ಟಿಗೆಯ ಸುತ್ತ ಕೆಸರಾಗಿತ್ತು. ಕಾಗದದ ಮೇಲೆ ಲೇಖನಿ ನೇರ ಗೋಡೆಯಂತೆ ಹನ್ನೊಂದು ಮಿಲಿಮೀಟರ್ ಏರಿತ್ತು. ಯಾವ ಮಳೆಯೂ ಹಾಗೆ ಬೀಳುವುದಿಲ್ಲ. ಬೇಲಿಯಾಚೆ ಖಾಲಿ ಕೊಡ ಹಿಡಿದ ಹೆಂಗಸರು ನಿಂತಿದ್ದರು. ಮಳೆ ತಡವಾದಾಗ ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವುದು ಇಲ್ಲಿನ ರೂಢಿ. ಆ ದಿನ ಮುಂದಾಳು ತಿಪ್ಪವ್ವ.

“ಏನ್ ಮಾಡೀಬೇ ತಿಪ್ಪವ್ವಾ ಇದು?”

“ಗುರ್ಜಿಗೆ ಹಾಕಿ ಉಳದ ನೀರು ನಿನ್ನ ಡಬ್ಬ್ಯಾಗ ಸುರುವಿದ್ವಿ, ಕಾಸಿಮಣ್ಣ. ದಿನಾ ಸೊನ್ನಿ, ಸೊನ್ನಿ ಅಂತ ಬರದು ಕಳಸ್ತಿ. ಈ ಊರಿಗೆ ಮಳಿ ಬ್ಯಾಡಂತ ತಿಳ್ಕೊಂಡಾರ ಮ್ಯಾಲಿನವ್ರು!”

ಹೆಂಗಸರು ನಕ್ಕರು. ಕಾಸಿಂಸಾಬರಿಗೆ ನಗು ಬರಲಿಲ್ಲ. ಹೊರಗಿನ ನೀರು ಬಿದ್ದ ಅಥವಾ ಯಂತ್ರ ಕೆಟ್ಟ ದಿನ ‘ದಾಖಲೆ ಇಲ್ಲ’ ಎಂದು ಬರೆಯಬೇಕು. ಒಂದೇ ಮಳೆಗಾಲದಲ್ಲಿ ಮೂರು ಸಲ ಹಾಗೆ ಬರೆದರೆ ಯಂತ್ರ ಬೇರೆ ಊರಿನ ಪಾಲು. ಅದು ಕೊಟ್ಟವರ ಷರತ್ತು. ಆಗಲೇ ಎರಡು ಸಲ ಆಗಿತ್ತು. ಒಮ್ಮೆ ಸ್ಪ್ರಿಂಗ್ ಮುರಿದಿತ್ತು, ಇನ್ನೊಮ್ಮೆ ಎತ್ತೊಂದು ಬೇಲಿ ಮುರಿದು ಪೆಟ್ಟಿಗೆಗೆ ಹಾಯ್ದಿತ್ತು.

ಸಂಗತಿ ತಿಳಿದು ತಿಪ್ಪವ್ವನ ಮುಖ ಸಣ್ಣದಾಯಿತು. “ಬ್ಯಾರೆ ಕಾಗದದ ಮ್ಯಾಲ ಸಪಾಟ ಗೆರಿ ಎಳದು ಕಳಸಿಬಿಡು. ಮಳಿಯಂತೂ ಬಂದಿಲ್ಲ. ಸುಳ್ಳರ ಹೆಂಗಾತದು?”

ಗೆರೆ ಹಾಕಿದ ಕಾಗದ ಜೇಬಿನಲ್ಲೇ ಇತ್ತು, ಶಾಯಿಯೂ ಇತ್ತು. ನಿಮಿಷದ ಕೆಲಸ. ಎಂಟೂವರೆಯವರೆಗೆ ಕಾಸಿಂಸಾಬ ಬೇಲಿಯ ಕಂಬಕ್ಕೆ ಒರಗಿ ನಿಂತರು. ಆಮೇಲೆ ಉರುಳೆಯ ಮೇಲಿದ್ದ ಕಾಗದವನ್ನೇ ಬಿಚ್ಚಿ, ಆ ನೆಟ್ಟನೆಯ ಗೆರೆಯ ಪಕ್ಕ ಬರೆದರು: ‘ಗುರ್ಜಿ ನೀರು. ಮಳೆ ಬಂದಿಲ್ಲ. ದಾಖಲೆ ಇಲ್ಲ.’

ಮಳೆಗಾಲ ಮುಗಿದ ಮೇಲೆ ಹವಾಮಾನ ಕಚೇರಿಯ ಅಧಿಕಾರಿಯೊಬ್ಬರು ಬಂದರು. ಸೊನ್ನೆ ಎಂದು ಕಳಿಸಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು ಕೇಳಿದರು.

“ಮಳಿ ಬಂದಿಲ್ಲ ಅನ್ನೂದು ನನಗ ಗೊತ್ತಿತ್ರಿ ಸಾಹೇಬ್ರ. ಆದ್ರ ಡಬ್ಬ್ಯಾಗ ನೀರ ಇತ್ತು. ಎರಡೂ ಬರದೇನಿ.”

ಷರತ್ತು ಸಡಿಲವಾಗಲಿಲ್ಲ. ಈ ಶುಕ್ರವಾರ ಯಂತ್ರ ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಗೆ ಹೋಗುತ್ತದೆ. ಇಲ್ಲಿಗೆ ತಗಡಿನ ಹಳೆಯ ಮಳೆಮಾಪಕ ಮರಳುತ್ತದೆ, ಅದಕ್ಕೆ ಗಡಿಯಾರವಿಲ್ಲ. ತಿಪ್ಪವ್ವ ಎರಡು ದಿನದಿಂದ ಈ ದಾರಿ ಬಿಟ್ಟು ಬಳಸಿ ಓಡಾಡುತ್ತಿದ್ದಾರೆ. ಅವರ ಮೇಲೆ ಸಿಟ್ಟಿಲ್ಲವೇ ಎಂದರೆ ಕಾಸಿಂಸಾಬ ಇಲ್ಲವೆಂದು ತಲೆಯಾಡಿಸುತ್ತಾರೆ. “ಆಕಿನೂ ಮಳಿ ಸಲುವಾಗೇ ಮಾಡಿದ್ದಲ್ಲೇನ್ರಿ?”

ಕಚೇರಿಯನ್ನು ಅವರು ಕೇಳಿಕೊಂಡದ್ದು ಒಂದೇ: ಲಾರಿಯಲ್ಲಿ ತಮಗೂ ಜಾಗ ಬೇಕು.

“ರಸ್ತಾ ಬರೇ ತಗ್ಗು ದಿನ್ನಿ. ಗಡಿಯಾರ ತೊಡಿ ಮ್ಯಾಲ ಇಟ್ಕೊಂಡು ಕುಂದರ್ತೇನಿ. ಅಲ್ಲಿ ಇಳಿಸಿ, ಚಾವಿ ಕೊಟ್ಟು, ನಡಿಯೂದು ಕಿವಿಲೇ ಕೇಳಿ, ಸಂಜಿ ಬಸ್ಸಿಗೆ ಹೊಳ್ಳಿ ಬರ್ತೇನ್ರಿ.”