ದೇವಿಗೆ ಬಿಟ್ಟ ಹುಂಜ

"ಅಯ್ಯ, ಇದನ್ನ ಇನ್ನೂ ಇಟ್ಕೊಂಡೀರೇನು? ಆ ಹರಕಿ ಹೋದ ವರ್ಷನ ಬ್ಯಾರೆ ಹುಂಜ ಕೊಟ್ಟು ತೀರ್ಸೇವಿ!"

ಖಾನಾಪುರದಲ್ಲಿ ಅತ್ತೆ ಹೀಗೆಂದಾಗ, ಹುಂಜದ ಚೀಲ ಹಿಡಿದಿದ್ದ ನನ್ನ ಕೈ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ಕುಕ್ಕಿದ್ದಕ್ಕೆ ಇನ್ನೂ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ಊರಿನ ಕೋಳಿಗಳಿಗೆ ರೋಗ ಬಂದಾಗ, "ದೇವಿಗೆ ಬಿಟ್ಟದ್ದು, ಜ್ವಾಕಿ" ಎಂದು ಅತ್ತೆಯೇ ಈ ಮರಿಯನ್ನು ಬೆಳಗಾವಿಯ ನಮ್ಮ ಹಿತ್ತಲಿಗೆ ತಂದು ಬಿಟ್ಟಿದ್ದರು. ಬೆಳೆದದ್ದೇ ತಡ, ನನ್ನ ಐದು ಹೇಂಟೆಗಳನ್ನು ಗೂಡಿನೊಳಗೆ ಬಿಡದೆ ಬಾಗಿಲಲ್ಲೇ ನಿಲ್ಲತೊಡಗಿತು. ಅದಕ್ಕೆಂದೇ ಬೇರೆ ಗೂಡು ಕಟ್ಟಿಸಿದೆವು. ಬಟ್ಟೆ ಒಣಹಾಕಲು ಹೋದರೆ ಕಾಲಿಗೆ ಹಾರುತ್ತಿತ್ತು. ಹಾಲಿನವರು ಗೇಟಿನಾಚೆಯೇ ನಿಂತು ಕೂಗುತ್ತಿದ್ದರು. ಮಾರುವಂತಿಲ್ಲ, ಕೊಯ್ಯುವಂತಿಲ್ಲ, ದೇವಿಯ ಸೊತ್ತೆಂದು ಗದರಲೂ ಭಯ. ಕಡೆಗೆ, ಹರಕೆ ತೀರಿಸಿಬಿಡಲೆಂದು ನಾನೇ ಅದನ್ನು ಅತ್ತೆಯ ಬಳಿಗೆ ಹೊತ್ತು ತಂದಿದ್ದೆ.

"ನಮಗ್ಯಾಕ ಹೇಳಲಿಲ್ರಿ, ಅತ್ತಿ?" ಎಂದೆ.

"ನೀ ಎಲ್ಲಿ ಕೇಳಿದಿ?" ಎನ್ನುತ್ತ ಅವರು, "ಇರಲಿ ಬಿಡು, ಇವತ್ತ ಸಾರು ಮಾಡೂಣು" ಎಂದು ಮಸಾಲೆ ಅರೆಯಲು ಎದ್ದರು.

ನಾನು ಚೀಲ ಎತ್ತಿಕೊಂಡು ಮತ್ತೆ ಬಸ್ ಹತ್ತಿದೆ.

ಈಗ ಅದು ಯಾವ ದೇವರದೂ ಅಲ್ಲ, ಹೀಗಾಗಿ ಬಾಯಿತುಂಬ ಬೈಯುತ್ತೇನೆ. ಇವತ್ತು ಬೆಳಿಗ್ಗೆಯೂ ಕುಕ್ಕಿತು. ಬೈದೆ. ಆಮೇಲೆ ಕಾಳು ಹಾಕಿದೆ.