ಉಪವಾಸದವರಿಗೆ ಗಂಜಿ

ಹೊಂಗಡಹಳ್ಳದ ಬಳಿಯ ಎಸ್ಟೇಟಿನ ಕೂಲಿ ಮನೆಗಳ ಲೈನಿನಲ್ಲಿ, ತಿಮ್ಮಯ್ಯನ ಮನೆಯ ಪಿತೃಪಕ್ಷವೆಂದರೆ ಭದ್ರಮ್ಮನ ಕೆಲಸ. ಸತ್ತವರಲ್ಲಿ ಯಾರಿಗೆ ಏನು ಇಷ್ಟವಿತ್ತು ಎಂದು ನೆನಪಿಟ್ಟುಕೊಳ್ಳುವುದೂ ಅವಳದೇ ಪಾಲು. ಮಾವನಿಗೆ ಖಾರದ ಕೋಳಿ ಸಾರು, ಅತ್ತೆಗೆ ಕಡುಬು ಮತ್ತು ಹೊಗೆಸೊಪ್ಪು, ಮೈದುನ ಕುಳ್ಳಯ್ಯನಿಗೆ ಸುಟ್ಟ ಒಣಮೀನು. ತನ್ನ ಅಪ್ಪ ಏನು ತಿನ್ನುತ್ತಿದ್ದ ಎಂದು ಗಂಡ ತಿಮ್ಮಯ್ಯ ಅವಳನ್ನೇ ಕೇಳುತ್ತಾನೆ. ಬಾಳೆಲೆ ಕೊಯ್ದು ತಂದರೆ ಅವನ ಹಬ್ಬ ಮುಗಿಯಿತು. ಮದುವೆಯಾಗಿ ಬಂದಾಗಿನಿಂದ ನೀರು ಹೊತ್ತು, ತೋಟದಲ್ಲಿ ಕಾಫಿ ಹಣ್ಣು ಬಿಡಿಸಿ, ಸಂಜೆ ಒಲೆ ಹೊತ್ತಿಸಿ ಬದುಕಿದ್ದವರಿಗೆ ಬೇಯಿಸಿದ ಕೈ ಸತ್ತವರಿಗೂ ಬೇಯಿಸುತ್ತ ಬಂದಿತ್ತು.

ಈ ವರ್ಷ ಆ ಕೈ ಇನ್ನಿಬ್ಬರಿಗೆ ಹೆಚ್ಚು ಬೇಯಿಸಬೇಕಿತ್ತು.

ಮಗಳು ಮಂಜುಶ್ರೀ ಹಾಸನದಲ್ಲಿ ನರ್ಸ್ ಆಗಿದ್ದಳು. ಗಡಿಯಲ್ಲಿ ಯುದ್ಧ ಶುರುವಾದಾಗ, ಅದು ನಿಲ್ಲುವವರೆಗೂ ಅನ್ನ ಮುಟ್ಟುವುದಿಲ್ಲವೆಂದು ಗೆಳತಿ ಮೋನಿಕಾಳ ಜೊತೆ ರಸ್ತೆಬದಿಯ ಶಾಮಿಯಾನದಡಿ ಕೂತಳು. ಭದ್ರಮ್ಮ ಬಸ್ಸಿನಲ್ಲಿ ಬುತ್ತಿ ಹೊತ್ತುಕೊಂಡು ಹೋಗಿದ್ದಳು.

“ಯುದ್ಧ ನಿಂತ್ ಮೇಲೆ ಉಣ್ತೀನಿ ಕಣವ್ವ, ನಿನ್ ಕೈಯಿಂದ್ಲೇ,” ಎಂದಿದ್ದಳು ಮಗಳು.

“ನಂಗೂ ಎತ್ತಿಟ್ಟಿರಿ ಆಂಟಿ,” ಎಂದು ಮೋನಿಕಾ ಒಣಗಿದ ತುಟಿಯಲ್ಲೇ ನಕ್ಕಿದ್ದಳು.

ಮೋನಿಕಾ ಮೊದಲು ತೀರಿಹೋದಳು. ಅದೇ ವಾರ ಮಂಜುಶ್ರೀ. ಯುದ್ಧ ನಿಲ್ಲಲಿಲ್ಲ. ಮೋನಿಕಾಳ ಮನೆಯವರು ದೇಶದ್ರೋಹಿಗಳೆಂಬ ಬೈಗುಳ ತಾಳದೆ ಊರನ್ನೇ ಬಿಟ್ಟರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರವೀಣ್ ಹಬ್ಬಕ್ಕೆ ಮೊದಲೇ ಬಾಗಿಲಿಗೆ ಬಂದು ಹೇಳಿದ್ದ: “ತೋಟದ ಸಾವ್ಕಾರ್ರು ಹೇಳವ್ರೆ. ಆ ಹುಡ್ಗೀರ ಹೆಸ್ರು ಈ ಲೈನಲ್ಲಿ ಕೇಳಿಸ್ಬಾರ್ದು. ಕೇಳಿಸ್ತೋ, ಮನೆ ಖಾಲಿ ಮಾಡ್ಬೇಕಾಯ್ತದೆ.”

ಆದರೆ ಎಡೆಗೆ ಅದರದೇ ಪದ್ಧತಿಯಿತ್ತು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಉಣ್ಣುವುದನ್ನು ನೋಡಬಾರದು. ಬಾಗಿಲು ತೆಗೆಯುವ ಮುಂಚೆ ಮನೆಯ ಹೆಂಗಸು ಒಳಗಿರುವವರ ಹೆಸರನ್ನೆಲ್ಲ ಗಟ್ಟಿಯಾಗಿ ಕೂಗಬೇಕು. ಯಾರ ಹೆಸರು ಕೂಗಲಿಲ್ಲವೋ ಅವರಿಗೆ ಮುಂದೆ ಆ ಮನೆಯ ದಾರಿಯೇ ಸಿಗುವುದಿಲ್ಲ ಎಂದು ಅತ್ತೆ ಕಲಿಸಿದ್ದಳು.

ಅಮಾವಾಸ್ಯೆಯ ಸಂಜೆ ಎಲೆಗಳ ಪಕ್ಕ ಎರಡು ಬಟ್ಟಲು ಕಂಡು ತಿಮ್ಮಯ್ಯ ನಿಂತುಬಿಟ್ಟ.

“ಇದ್ಯಾರಿಗೆ ಗಂಜಿ?”

“ಅಷ್ಟ್ ದಿನ ಹಸ್ದಿರೋ ಹೊಟ್ಟೆಗೆ ಕೋಳಿ ಸಾರು ಆಗಾಕಿಲ್ಲ. ಗಂಜಿಯಿಂದ್ಲೇ ಶುರು ಮಾಡ್ಬೇಕು.”

ಅವನು ಬಾಗಿಲಾಚೆ ಇಣುಕಿ ನೋಡಿದ. “ಇಟ್ಟಿದ್ದು ಇಟ್ಟೆ. ಹೆಸ್ರು ಮಾತ್ರ ಕೂಗ್ಬೇಡ ಕಣೆ. ಈ ವಯಸ್ಸಲ್ಲಿ ಎಲ್ಲಿಗೋಗಣ?”

ಅವಳು ಅವನನ್ನು ಹೊರಗೆ ಕಳಿಸಿ, ತಾನೂ ಬಂದು ಬಾಗಿಲು ಎಳೆದುಕೊಂಡಳು.

ಜಗಲಿಯ ಮೇಲೆ ಪಕ್ಕದ ಮನೆಯ ಸರೋಜಮ್ಮ ಬಂದು ಕೂತಿದ್ದಳು. ಅವಳ ಮಗ ಪ್ರದೀಪ್ ಸೈನ್ಯದಲ್ಲಿದ್ದ, ಗಡಿಯಲ್ಲೇ. ಮಂಜುಶ್ರೀ ಉಪವಾಸ ಕೂತ ದಿನದಿಂದ ಅವಳು ಭದ್ರಮ್ಮನ ಜೊತೆ ಮಾತು ಬಿಟ್ಟಿದ್ದಳು. ಈಗ ಮಗನ ಫೋನೂ ನಿಂತುಹೋಗಿತ್ತು. ಮೊಬೈಲನ್ನು ಮಡಿಲಲ್ಲಿ ಮರಿಯ ಹಾಗೆ ಅವುಚಿಕೊಂಡಿದ್ದಳು.

ಬೈಕು ಬಂದು ನಿಂತಿತು. ಪ್ರವೀಣ್.

“ಏನ್ ಭದ್ರಮ್ಮ, ಘಮ್ಮಂತೈತೆ. ಯಾರ್ಯಾರ್ ಬಂದವ್ರೆ ಊಟಕ್ಕೆ?”

“ಬರೋರು ಬಂದವ್ರೆ.”

“ಬಾಗ್ಲು ತೆಗಿ. ನಾನೂ ನೋಡಣ.”

ಭದ್ರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಾತಾಡಿದವಳು ಸರೋಜಮ್ಮ. “ಉಣ್ತಾ ಕೂತಿರೋರ್ನ ಎಬ್ಬಿಸ್ತೀಯೇನೋ? ನಿಮ್ಮಜ್ಜಿ ಇವತ್ತು ನಿಮ್ಮನೇಲಿ ಉಣ್ತಿರ್ತಾಳೆ. ಹೋಗಿ ಅವಳ ಎಲೆ ಮುಂದೆ ಹಿಂಗೇ ನಿಂತ್ಕೊ ನೋಡಣ ಮಾರಾಯ.”

ಪ್ರವೀಣ್ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದ. ಆದರೆ ಹೋಗಲಿಲ್ಲ. ಬೈಕಿಗೆ ಒರಗಿ ಕಾದ.

ಒಳಗೆ ಎಲ್ಲಿಯೋ ಪಾತ್ರೆ ಸಣ್ಣಗೆ ಸದ್ದು ಮಾಡಿತು. ಇಲಿಯಿರಬಹುದು. ಜಗಲಿಯ ಮೇಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

ಸರೋಜಮ್ಮ ಪಿಸುಗುಟ್ಟಿದಳು. “ನಿಂತ್ ಮೇಲೆ ಉಣ್ತೀನಿ ಅಂದಿದ್ಲಂತಲ್ಲ ನಿನ್ ಮಗ್ಳು. ನಿಂತೈತೇನೆ?”

“ನಿಂಗೇ ಗೊತ್ತಿರ್ಬೇಕು.”

“ನಿಂತಿದ್ರೆ ನನ್ ಮಗ ಫೋನ್ ಮಾಡ್ತಿರ್ಲಿಲ್ವಾ...”

ಭದ್ರಮ್ಮ ಎದ್ದಳು. ಮಾವನ ಹೆಸರು ಕೂಗಿದಳು, ಅತ್ತೆಯ ಹೆಸರು ಕೂಗಿದಳು, ಕುಳ್ಳಯ್ಯನನ್ನು ಕೂಗಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಿಮ್ಮಯ್ಯ ಅವಳ ಸೆರಗು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದ. ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

“ಮಂಜುಶ್ರೀ...”

ಪ್ರವೀಣ್ ನೆಟ್ಟಗಾದ.

“ಮೋ...” ತಿಮ್ಮಯ್ಯ ಸೆರಗು ಜಗ್ಗಿದ ರಭಸಕ್ಕೆ ಹೆಸರು ಅರ್ಧಕ್ಕೇ ತುಂಡಾಯಿತು. ಪಕ್ಕದಲ್ಲಿ ಸರೋಜಮ್ಮ ಎದ್ದು ನಿಂತಳು. ಕೊನೆಯ ಲೈನಿನವರೆಗೂ ಕೇಳುವ ಹಾಗೆ ಅವಳೇ ಕೂಗಿದಳು: “ಮೋನಿಕಾ!”

ಪ್ರವೀಣ್ ಫೋನು ಕಿವಿಗಿಟ್ಟುಕೊಂಡು, “ಸಾವ್ಕಾರ್ರೆ...” ಎನ್ನುತ್ತ ಕತ್ತಲೆಗೆ ನಡೆದ.

ಬಾಗಿಲು ತೆರೆಯಿತು. ದೀಪ ಉರಿಯುತ್ತಿತ್ತು. ಎರಡೂ ಬಟ್ಟಲಲ್ಲಿ ಗಂಜಿ ಕೆನೆಗಟ್ಟಿತ್ತು. ಕೆನೆ ಎಲ್ಲೂ ಒಡೆದಿರಲಿಲ್ಲ. ಭದ್ರಮ್ಮ ಅವುಗಳ ಮುಂದೆ ಕುಸಿದಳು.

“ಇನ್ನೂ ಉಂಡಿಲ್ಲ ಕಣೆ,” ಎಂದಳು.

ಸರೋಜಮ್ಮ ಎರಡಕ್ಕೂ ತಟ್ಟೆ ಮುಚ್ಚಿದಳು.

ತಿಮ್ಮಯ್ಯ ಮಂಚದ ಕೆಳಗಿನ ಟ್ರಂಕ್ ಎಳೆದು, ಮುಚ್ಚಳ ತೆಗೆದು, ಸುಮ್ಮನೆ ನಿಂತಿದ್ದ. ಆ ಮನೆಯಲ್ಲಿ ಯಾವುದು ಎಲ್ಲಿದೆ ಎಂಬುದು ಅವನಿಗೆ ಎಂದೂ ಗೊತ್ತಿರಲಿಲ್ಲ. ಹೊರಗೆ ಫೋನಿನ ಮಾತು ಇನ್ನೂ ಕೇಳುತ್ತಿತ್ತು.

“ಯಾವ್ದು ಮೊದ್ಲು ಕಟ್ಟಣ?” ಎಂದು ಕೇಳಿದ.

“ಬಟ್ಟೆ ಕಟ್ಟು,” ಎಂದಳು ಭದ್ರಮ್ಮ. “ಗಂಜಿ ಪಾತ್ರೆ ಕೊನೇಗಿರ್ಲಿ. ಹೋದಲ್ಲಿ ಅದೇ ಮೊದ್ಲು ಬೇಕು.”